ಗಾಜಿನ ತೊಟ್ಟಿಯೂ ಶ್ರಾವಕನ ಎಚ್ಚರವೂ

ನೀರನ್ನು ಸೋಸಿ ಕುಡಿಯುವುದು ಜೈನ ಗೃಹಸ್ಥನ ಪುರಾತನ ಆಚಾರ. ಸೋಸುವುದರೊಂದಿಗೇ ಅದು ಮುಗಿಯುವುದಿಲ್ಲ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಸೋಸಿದ ನೀರಿನಿಂದ ತೊಳೆದು, ಆ ಜೀವಾಣಿಯನ್ನು ಯಾವ ಬಾವಿಯಿಂದ ನೀರು ಸೇದಲಾಯಿತೋ ಅದೇ ಬಾವಿಗೆ, ಎತ್ತರದಿಂದ ಸುರಿಯದೆ, ಮೆಲ್ಲನೆ ಇಳಿಸಬೇಕು. ಒಂದು ನೀರಿನ ಜೀವಿಗೆ ಮತ್ತೊಂದು ನೀರೇ ಶಸ್ತ್ರವಾಗಬಹುದೆಂಬುದು ಈ ವಿಧಿಯ ಹಿಂದಿರುವ ತಿಳಿವಳಿಕೆ.

ಬಾವಿಗಳು ಮರೆಯಾದ ಕಾಲದಲ್ಲಿ ಇದೇ ತಿಳಿವಳಿಕೆ ಇನ್ನೊಂದು ಕಡೆ ಅಗತ್ಯವಾಗಿದೆ. ಎಷ್ಟೋ ಮನೆಗಳ ಪಡಸಾಲೆಯಲ್ಲಿ ಈಗ ಗಾಜಿನ ಮೀನುತೊಟ್ಟಿ ಇದೆ. ಜಪಾನಿನ ತಕಾಶಿ ಅಮಾನೊ (1954–2015) ಪ್ರಸಿದ್ಧಿಗೆ ತಂದ, ಜಲಸಸ್ಯಗಳೇ ಪ್ರಧಾನವಾದ ತೊಟ್ಟಿಗಳು ಯುವಕರ ಮನಸ್ಸನ್ನು ಸೆಳೆದಿವೆ. ಸಸ್ಯಗಳು ಹುಲುಸಾಗಿ ಬೆಳೆಯಲೆಂದು ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಅನಿಲವನ್ನು ನೀರಿಗೆ ಹಾಯಿಸಲಾಗುತ್ತದೆ. ಅಂಗಡಿಯಿಂದ ತಂದ ಮೀನನ್ನು ಅಂತಹ ತೊಟ್ಟಿಗೆ ಬಿಟ್ಟ ಕೆಲವೇ ಗಂಟೆಗಳಲ್ಲಿ ಅದು ಮೇಲಕ್ಕೆ ಬಂದು, ಬಾಯಿ ತೆರೆದು ಏದುಸಿರು ಬಿಡುತ್ತ ಸಾಯುವುದುಂಟು. ಕೊಲ್ಲಬೇಕೆಂಬ ಇಚ್ಛೆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹಾಗಾದರೆ ಅಲ್ಲಿ ಹಿಂಸೆ ನಡೆಯಿತೆ, ಇಲ್ಲವೆ?

ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಮುಂದಿಟ್ಟಿದೆ. ಕುಂದಕುಂದಾಚಾರ್ಯರ ಪ್ರವಚನಸಾರದ ಅಭಿಪ್ರಾಯವೂ ಇದಕ್ಕೆ ಹೊಂದುತ್ತದೆ. ಜೀವಿ ಸತ್ತಿತೆಂಬುದಷ್ಟರಿಂದ ದೋಷ ನಿರ್ಣಯವಾಗುವುದಿಲ್ಲ. ಎಚ್ಚರವಿತ್ತೆ ಎಂಬುದು ನಿರ್ಣಾಯಕ. ಆದುದರಿಂದ ‘ಬೇಕೆಂದು ಮಾಡಲಿಲ್ಲ’ ಎಂಬ ಉತ್ತರ ಶ್ರಾವಕನಿಗೆ ಸಾಲದು. ತಿಳಿಯಬಹುದಾಗಿದ್ದುದನ್ನು ತಿಳಿಯಲು ಅವನು ಯತ್ನಿಸಿದನೆ ಎಂಬುದೇ ಪ್ರಶ್ನೆ.

ತಿಳಿಯಬೇಕಾದುದು ಕಠಿಣವೇನಲ್ಲ. ಮೀನು ಕಿವಿರುಗಳ ಮೂಲಕ ಆಮ್ಲಜನಕವನ್ನು ಪಡೆದು, ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನೀರಿಗೆ ಬಿಡುತ್ತದೆ. ನೀರಿನಲ್ಲಿಯೇ ಆ ಅನಿಲ ತುಂಬಿದ್ದರೆ ಹೊರಹಾಕುವ ದಾರಿ ಕಟ್ಟಿಹೋಗುತ್ತದೆ. ರಕ್ತವು ಆಮ್ಲೀಯವಾಗಿ, ಆಮ್ಲಜನಕವನ್ನು ಹೊರುವ ಅದರ ಶಕ್ತಿ ಕುಗ್ಗುತ್ತದೆ. ಹೀಗಾಗಿ ನೀರಿನಲ್ಲಿ ಆಮ್ಲಜನಕ ಸಾಕಷ್ಟಿದ್ದರೂ ಮೀನು ಉಸಿರುಗಟ್ಟಬಹುದು. ಇಂತಹ ತೊಟ್ಟಿಗಳನ್ನು ನಿರ್ವಹಿಸುವವರು ಸಾಮಾನ್ಯವಾಗಿ ಲೀಟರಿಗೆ 30 ಮಿಲಿಗ್ರಾಂ ಅನಿಲವನ್ನು ಮಿತಿಯಾಗಿ ಇಟ್ಟುಕೊಳ್ಳುತ್ತಾರೆ. ಗಾಳಿಗೆ ತೆರೆದ ಶುದ್ಧ ನೀರಿನಲ್ಲಿ ಅದು 1 ಮಿಲಿಗ್ರಾಂ ಕೂಡ ಇರುವುದಿಲ್ಲ. ತೊಟ್ಟಿಯ ಹಳೆಯ ಮೀನುಗಳು ಏರಿಕೆಗೆ ಕ್ರಮೇಣ ಒಗ್ಗಿರುತ್ತವೆ. ಹೊಸದು ಒಂದೇ ಕ್ಷಣದಲ್ಲಿ ಅದನ್ನು ಎದುರಿಸಬೇಕಾಗುತ್ತದೆ.

ಇಲ್ಲಿ ಜೀವಗಳ ತಾರತಮ್ಯವನ್ನೂ ನೆನೆಯಬೇಕು. ಸಸ್ಯವು ಏಕೇಂದ್ರಿಯ ಜೀವ. ಮೀನು ಪಂಚೇಂದ್ರಿಯ ಜಲಚರ. ಎಲೆಯ ಬಣ್ಣ ಮಿನುಗಲೆಂದು ಪಂಚೇಂದ್ರಿಯದ ಉಸಿರನ್ನು ಒತ್ತೆ ಇಡುವುದು ಜಮೆ ಮತ್ತು ಖರ್ಚನ್ನು ತಿರುವುಮುರುವಾಗಿ ಬರೆದ ಲೆಕ್ಕದಂತೆ. ಕೂಡಿಸಿದಾಗ ಮೊತ್ತ ಸರಿಯಾಗಿ ಕಂಡರೂ ಖಾತೆ ತಪ್ಪು.

ಮುನಿಗಳಿಗೆ ವಿಧಿಸಿದ ಐದು ಸಮಿತಿಗಳಲ್ಲಿ ಆದಾನನಿಕ್ಷೇಪಣ ಸಮಿತಿಯೂ ಒಂದು. ವಸ್ತುವನ್ನು ನೋಡಿ ಎತ್ತಬೇಕು, ನೋಡಿ ಇಡಬೇಕು. ಗೃಹಸ್ಥನು ಅದನ್ನು ಪೂರ್ಣವಾಗಿ ಪಾಲಿಸಲಾರನಾದರೂ, ಜೀವವನ್ನೇ ಎತ್ತಿ ಇಡುವಾಗ ಅದರ ನೆನಪು ಇರಲೇಬೇಕು. ಮೊದಲು ತೊಟ್ಟಿ ಹದಗೊಂಡಿರಬೇಕು. ಮೀನಿನ ಮಲದಿಂದ ಹುಟ್ಟುವ ಅಮೋನಿಯವನ್ನು ನೈಟ್ರೈಟಾಗಿಯೂ ಬಳಿಕ ನೈಟ್ರೇಟಾಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು. ಹೊಸ ಮೀನನ್ನು ಅನಿಲವಿಲ್ಲದ ಪ್ರತ್ಯೇಕ ತೊಟ್ಟಿಯಲ್ಲಿ 2ರಿಂದ 4 ವಾರ ಇರಿಸಿದರೆ ರೋಗವಿದ್ದಲ್ಲಿ ತಿಳಿದುಬರುತ್ತದೆ, ಪ್ರಯಾಣದ ಆಯಾಸವೂ ಕಳೆಯುತ್ತದೆ. ದೂರದಿಂದ ಬಂದ ಚೀಲದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಮುಚ್ಚಿದ ಚೀಲದಲ್ಲಿ ಮೀನಿನ ಉಸಿರಿನಿಂದ ನೀರು ಆಮ್ಲೀಯವಾಗಿರುವುದರಿಂದ ಅಮೋನಿಯದ ವಿಷ ಅಡಗಿರುತ್ತದೆ. ಚೀಲ ತೆರೆದೊಡನೆ ಅನಿಲ ಹೊರಹೋಗಿ ಆ ವಿಷ ಪ್ರಬಲವಾಗುತ್ತದೆ. ಆದುದರಿಂದ ಮುಚ್ಚಿದ ಚೀಲವನ್ನೇ 15–20 ನಿಮಿಷ ತೇಲಿಬಿಟ್ಟು ಉಷ್ಣತೆಯನ್ನು ಸಮಗೊಳಿಸಿ, ತೆರೆದ ಮೇಲೆ ತಡಮಾಡದೆ ಮೀನನ್ನು ಪ್ರತ್ಯೇಕ ತೊಟ್ಟಿಗೆ ಬಿಡಬೇಕು. ಚೀಲದ ನೀರನ್ನು ಬೆರೆಸಬಾರದು.

ಸಸ್ಯತೊಟ್ಟಿಗೆ ಸಾಗಿಸುವಾಗ ಹಿಂದಿನ ದಿನವೇ ಅನಿಲವನ್ನು ನಿಲ್ಲಿಸಬೇಕು; ದೀಪ ಆರಿಸಿ, ಗಾಳಿಗುಳ್ಳೆ ಹಾಯಿಸಬೇಕು. ಮೀನಿರುವ ಪಾತ್ರೆಗೆ ತೊಟ್ಟಿಯ ನೀರನ್ನು ಅರ್ಧದಿಂದ ಒಂದು ಗಂಟೆಯ ಕಾಲ ಸ್ವಲ್ಪಸ್ವಲ್ಪವಾಗಿ ಸೇರಿಸಿ, ಆಮೇಲೆ ಮೆಲ್ಲನೆ ಒಳಬಿಡಬೇಕು. ಅನಿಲವನ್ನು ಮರುದಿನವೇ ಮೊದಲಿನ ಪ್ರಮಾಣಕ್ಕೆ ತರದೆ, ಒಂದೆರಡು ವಾರಗಳಲ್ಲಿ ಹಂತಹಂತವಾಗಿ ಏರಿಸಬೇಕು. ಕತ್ತಲಲ್ಲಿ ಸಸ್ಯಗಳು ಈ ಅನಿಲವನ್ನು ಹೀರುವುದಿಲ್ಲ, ತಾವೇ ಹೊರಬಿಡುತ್ತವೆ. ಆದುದರಿಂದ ರಾತ್ರಿ ಅನಿಲ ಕಡ್ಡಾಯವಾಗಿ ನಿಂತಿರಬೇಕು. ಪ್ರಮಾಣ ತೋರುವ ಸೂಚಕ ದ್ರವವು ಕಡಿಮೆಯಿದ್ದರೆ ನೀಲಿ, ಸರಿಯಿದ್ದರೆ ಹಸಿರು, ಮಿತಿಮೀರಿದರೆ ಹಳದಿಯಾಗುತ್ತದೆ. ಆದರೆ ಬಣ್ಣ ಬದಲಾಗಲು ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಮೀನು ಮೇಲ್ಮೈಗೆ ಬಂದು ಏದುಸಿರು ಬಿಟ್ಟರೆ ದ್ರವ ಹಸಿರಾಗಿದ್ದರೂ ಅನಿಲವನ್ನು ಕೂಡಲೇ ಮುಚ್ಚಿ, ನೀರಿನ ಮೇಲ್ಮೈಯನ್ನು ಕಲಕಿ, ಗಾಳಿ ಹಾಯಿಸಬೇಕು. ಉಪಕರಣವನ್ನು ನಂಬಿ ಕಣ್ಣನ್ನು ಮುಚ್ಚುವುದು ಮತ್ತೆ ಪ್ರಮಾದವೇ.

‘ಕೆಲವು ರೂಪಾಯಿಯ ಮೀನಿಗೆ ಇಷ್ಟು ಶ್ರಮವೇ? ಸತ್ತರೆ ಇನ್ನೊಂದನ್ನು ತಂದರಾಯಿತು’ ಎನ್ನುವವರಿದ್ದಾರೆ. ವ್ಯಾಪಾರದಲ್ಲಿ ಒಡೆದ ಸರಕಿಗೆ ಬದಲಿ ಕೊಡುವುದು ನ್ಯಾಯ. ಸತ್ತ ಜೀವಕ್ಕೆ ಬದಲಿಯೆಂಬುದಿಲ್ಲ. ಬೆಲೆ ಕಡಿಮೆಯಾದಷ್ಟೂ ಎಚ್ಚರವನ್ನು ಕಡಿಮೆ ಮಾಡುವವನು ಅಹಿಂಸೆಯನ್ನು ಅಂಗಡಿಯ ದರಪಟ್ಟಿಗೆ ಅಧೀನಗೊಳಿಸಿದಂತಾಯಿತು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಮೂಲಪ್ರಶ್ನೆ ಉಳಿಯುತ್ತದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದೇ ಬಂಧ. ಮಾರುವ ಮೀನಿನ ಆಹಾರದಲ್ಲಿ ಬಹುಮಟ್ಟಿಗೆ ಒಣಮೀನಿನ ಪುಡಿ ಇರುತ್ತದೆ. ಪಶ್ಚಿಮಘಟ್ಟದ ತೊರೆಗಳ ‘ಮಿಸ್ ಕೇರಳ’ ಎಂಬ ಕೆಂಪುಗೆರೆಯ ಮೀನು ಅಳಿವಿನಂಚಿಗೆ ಬರಲು ಅಲಂಕಾರಕ್ಕಾಗಿ ಹಿಡಿದುದೂ ಒಂದು ಕಾರಣ. ಇದನ್ನೆಲ್ಲ ತಿಳಿದವನು ತೊಟ್ಟಿ ಇಡದಿರುವುದೇ ಉತ್ತಮ ಪಕ್ಷ. ಹಸಿರು ಬೇಕೆನ್ನುವ ಮಕ್ಕಳಿಗೆ ಸಸ್ಯಗಳಷ್ಟೇ ಇರುವ ತೊಟ್ಟಿಯನ್ನು ಮಾಡಿಕೊಡಬಹುದು.

ಈಗಾಗಲೇ ಮೀನು ಮನೆಯಲ್ಲಿದ್ದರೆ? ಅಭಯದಾನವೆಂದು ಅದನ್ನು ಕೆರೆಗೋ ಬಸದಿಯ ಕೊಳಕ್ಕೋ ಬಿಡುವುದು ಪರಿಹಾರವಲ್ಲ. ತೊಟ್ಟಿಯ ಪಾಚಿ ತಿನ್ನುತ್ತದೆಂದು ಮಾರಲಾಗುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆ ಹೊರಬಿದ್ದು, ಭಾರತದ ಹಲವು ಜಲಾಶಯಗಳಲ್ಲಿ ಸ್ಥಳೀಯ ಮೀನುಗಳಿಗೆ ಕಂಟಕವಾಗಿದೆ. ಕೊಳಗಳಿರುವ ಬಸದಿಗಳ ಆಡಳಿತ ಮಂಡಳಿಗಳು ಇದನ್ನು ಗಮನಿಸುವುದು ಒಳ್ಳೆಯದು. ಮನೆಗೆ ತಂದ ಜೀವವನ್ನು ಅದರ ಆಯುಷ್ಯ ಮುಗಿಯುವವರೆಗೆ ಕಾಪಾಡುವುದು ತಂದವನ ಹೊಣೆ. ಹೊಸದನ್ನು ತರದಿರುವುದು ಅವನ ಸಂಯಮ.

ಹಿಂದಿನವರು ಕಣ್ಣಿಗೆ ಕಾಣದ ಜೀವಾಣಿಯನ್ನೂ ಅದರದೇ ನೀರಿಗೆ ಮೆಲ್ಲನೆ ಇಳಿಸಿದರು. ಕಣ್ಣೆದುರು ಉಸಿರಾಡುವ ಮೀನಿಗೆ ಅಷ್ಟು ಕರುಣೆಯನ್ನಾದರೂ ತೋರದಿದ್ದರೆ, ನೀರನ್ನು ಸೋಸಿ ಕುಡಿದುದು ಕೇವಲ ಬಟ್ಟೆಯ ಆಚಾರವಾಗಿ ಉಳಿಯುತ್ತದೆ.