ತಾಳಿ ಶಿಕ್ಷೆಯಲ್ಲ



ಫೆಬ್ರುವರಿ 14, ಪ್ರೇಮಿಗಳ ದಿನ ಹತ್ತಿರ ಬಂತು. ಸಾಗರದ ಪೇಟೆಯಲ್ಲಿ ಗುಲಾಬಿ ಮಾರುವುದನ್ನು ನಿಲ್ಲಿಸಲು ಹೇಳಿ, ಇದು ನಮ್ಮ ಹಬ್ಬವಲ್ಲ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ನಮ್ಮದಲ್ಲ, ನಿಜ. ನನಗೂ ಅದು ಒಪ್ಪಿಗೆಯಿಲ್ಲ. ಆದರೆ ಯಾಕೆ ಒಪ್ಪಿಗೆಯಿಲ್ಲ ಎಂದು ಬಿಡಿಸಿ ಹೇಳದೆ ಬೈದರೆ ಮಕ್ಕಳು ಕೇಳುವುದಿಲ್ಲ.

ಪ್ರೀತಿಸುವುದೇ ತಪ್ಪು ಎನ್ನಲು ಶಾಸ್ತ್ರದ ಆಧಾರವಿಲ್ಲ. ರುಕ್ಮಿಣಿ ಬ್ರಾಹ್ಮಣನೊಬ್ಬನ ಕೈಯಲ್ಲಿ ಕೃಷ್ಣನಿಗೆ ಸಂದೇಶ ಕಳಿಸಿದ್ದು ಭಾಗವತದ ದಶಮಸ್ಕಂಧದಲ್ಲೇ ಇದೆ. ಸಾವಿತ್ರಿ ಸತ್ಯವಾನನನ್ನು ತಾನೇ ಆರಿಸಿಕೊಂಡಳು. ಅವನಿಗೆ ಒಂದೇ ವರ್ಷದ ಆಯುಸ್ಸು ಎಂದು ನಾರದರು ಹೇಳಿದರೂ ಮಾತು ಬದಲಿಸಲಿಲ್ಲ. ಅಷ್ಟು ದೂರ ಯಾಕೆ? ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ 1966ರಲ್ಲಿ ಕುವೆಂಪು ಅವರು ಮಗ ತೇಜಸ್ವಿ ಮೆಚ್ಚಿದ ಹುಡುಗಿಯನ್ನು ಮಂತ್ರಮಾಂಗಲ್ಯವೆಂಬ ಸರಳ ಮದುವೆಯಿಂದ ಮನೆತುಂಬಿಸಿಕೊಂಡರು.

ನನ್ನ ತಕರಾರು ಇರುವುದು ಒಲವನ್ನು ಒಂದು ದಿನದ ಖರೀದಿ ಮಾಡಿದ್ದಕ್ಕೆ. ದುಡ್ಡಿಲ್ಲದ ಹುಡುಗ ಅಂದು ಕುಗ್ಗುತ್ತಾನೆ. ಗುಲಾಬಿ ಸಿಗದ ಹುಡುಗಿ ತನ್ನಲ್ಲೇ ಏನೋ ಕೊರತೆ ಎಂದುಕೊಳ್ಳುತ್ತಾಳೆ.

ಇದರ ಎದುರಿಗೆ ನಮ್ಮ ಭೂಮಿ ಹುಣ್ಣಿಮೆ ಹಬ್ಬ ನೋಡಿ. ಸಾಗರ, ಹೊಸನಗರ ಸೀಮೆಯ ದೀವರ ಹೆಣ್ಣುಮಕ್ಕಳು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಎಳೆ ಎಳೆಯಾಗಿ ಚಿತ್ತಾರ ಬರೆಯುತ್ತಾರೆ. ರಾತ್ರಿಯಿಡೀ ನಿದ್ದೆಗೆಟ್ಟು ಅಡುಗೆ ಮಾಡುತ್ತಾರೆ. ಹೊಡೆ ತುಂಬಿದ ಗದ್ದೆ ಅವರಿಗೆ ಬಸುರಿ ಹೆಣ್ಣು. ಬೆಳಕು ಹರಿಯುವ ಮೊದಲೇ ಮನೆಮಂದಿಯೆಲ್ಲ ಹೋಗಿ ಅವಳಿಗೆ ಬಯಕೆ ಬಡಿಸುತ್ತಾರೆ. ಕೆಲವು ಕಡೆ ಪೈರಿಗೆ ತಾಳಿಸರವನ್ನೂ ತೊಡಿಸುತ್ತಾರೆ. ಪ್ರೀತಿಯೆಂದರೆ ಹೀಗೆ ಉಣಿಸುವುದು, ಕಾಯುವುದು ಎಂದು ನಾನು ನಂಬಿದ್ದೇನೆ.

ಅದೇ ತಾಳಿಗೆ ಬಂದ ಗತಿ ನೆನೆದರೆ ಸಂಕಟವಾಗುತ್ತದೆ. 2009ರ ಜನವರಿ 24ರಂದು ಮಂಗಳೂರಿನ ಪಬ್ಬಿನಲ್ಲಿ ಸಂಸ್ಕೃತಿಯ ಹೆಸರು ಹೇಳಿ ಹೆಣ್ಣುಮಕ್ಕಳನ್ನು ಹೊಡೆದರು. ಬೆನ್ನಲ್ಲೇ, ಪ್ರೇಮಿಗಳ ದಿನ ಜೋಡಿಯಾಗಿ ಕಂಡವರಿಗೆ ಮದುವೆ ಮಾಡಿಸುತ್ತೇವೆಂಬ ಬೆದರಿಕೆ ಬಂತು. ಮಾಂಗಲ್ಯವನ್ನು ದಂಡನೆಯಾಗಿ ಕೊಡುವುದು ಅಧರ್ಮ. ಅದನ್ನು ಈ ಪೀಠದಲ್ಲಿ ಕೂತು ಸ್ಪಷ್ಟವಾಗಿ ಹೇಳುತ್ತೇನೆ.

ಪಾಕಿಸ್ತಾನದಲ್ಲೂ 2017ರಲ್ಲಿ ಇಸ್ಲಾಮಾಬಾದ್ ಹೈಕೋರ್ಟು ಈ ದಿನದ ಸಾರ್ವಜನಿಕ ಆಚರಣೆಯನ್ನು ತಡೆಯಿತು. ಧರ್ಮ ಬೇರೆ, ಹೆದರಿಕೆ ಒಂದೇ: ಮಕ್ಕಳು ಕೈತಪ್ಪಿ ಹೋಗುತ್ತಾರೆ ಎಂಬುದು. ಆ ಹೆದರಿಕೆ ನನಗೂ ಅರ್ಥವಾಗುತ್ತದೆ. ಆದರೆ ಮನೆಯಲ್ಲಿ ಬಾಯಿಬಿಡಲಾಗದ ಮಗುವನ್ನು ಯಾವ ಕೋರ್ಟೂ ಹಿಡಿದಿಡಲಾರದು.

ಆದ್ದರಿಂದ ಅಂಗಡಿಗಳ ಮುಂದೆ ಯಾರೂ ಗಲಾಟೆಗೆ ಹೋಗಬೇಡಿ. ಮಗಳು ಯಾರನ್ನೋ ಮೆಚ್ಚಿದ್ದೇನೆ ಎಂದರೆ ಕೂರಿಸಿಕೊಂಡು ಪೂರ್ತಿ ಕೇಳಿ. ಈ ಸಲದ ಭೂಮಿ ಹುಣ್ಣಿಮೆಗೆ ಶಿವಮೊಗ್ಗ, ಬೆಂಗಳೂರಲ್ಲಿ ಓದುವ ಮಕ್ಕಳನ್ನೂ ಊರಿಗೆ ಕರೆಸಿ, ಬುಟ್ಟಿ ಹೊರಿಸಿ ಗದ್ದೆಗೆ ಕರೆದುಕೊಂಡು ಹೋಗಿ.