ಬಡವರ ಮೊರೆಯೂ ನಾಡಿನ ಕಾನೂನೂ

ಓದತಕ್ಕ ವೇದಭಾಗ: ನೆಹೆಮೀಯ 5ನೆಯ ಅಧ್ಯಾಯ, 1ರಿಂದ 13ನೆಯ ವಚನದ ವರೆಗೆ



ಯೆರೂಸಲೇಮಿನ ಗೋಡೆಯನ್ನು ಕಟ್ಟುತ್ತಿದ್ದ ಕಾಲದಲ್ಲಿ ಹೊರಗಣ ಶತ್ರುಗಳಿಗಿಂತ ದೊಡ್ಡದಾದ ಅಪಾಯವೊಂದು ಊರೊಳಗಿಂದಲೇ ಹುಟ್ಟಿತು. ಬಡಜನರೂ ಅವರ ಹೆಂಡಂದಿರೂ ತಮ್ಮ ಸ್ವಜನರ ಮೇಲೆಯೇ ಮೊರೆಯಿಟ್ಟರು. ಕೆಲವರಿಗೆ ಮಕ್ಕಳು ಬಹಳ, ಕಾಳು ಇಲ್ಲ. ಕೆಲವರು ಬರಗಾಲದಲ್ಲಿ ಹೊಲವನ್ನೂ ದ್ರಾಕ್ಷೇತೋಟವನ್ನೂ ಮನೆಯನ್ನೂ ಅಡವಿಟ್ಟಿದ್ದರು. ಇನ್ನು ಕೆಲವರು ಅರಸನ ಕಂದಾಯಕ್ಕಾಗಿ ಸಾಲಮಾಡಿದ್ದರು. ಕಡೆಗೆ ಹೆತ್ತ ಮಕ್ಕಳನ್ನೇ ದಾಸತ್ವಕ್ಕೆ ಒಪ್ಪಿಸುವ ಗತಿ ಬಂದಿತ್ತು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯವರಾದ ನಮಗೆ ಇದು ಪರದೇಶದ ಕಥೆಯೆಂದು ತೋರುವದಿಲ್ಲ. ಇಲ್ಲಿಯೂ ದ್ರಾಕ್ಷೇತೋಟಗಳುಂಟು. ವರ್ಷವೆಲ್ಲಾ ಹರಿಯುವ ಹೊಳೆಯಿಲ್ಲದ್ದರಿಂದ ಕೊಳವೆಬಾವಿ ತೋಡಿಸಿ, ನೀರು ಕಾಣದೆ, ಸಾಲವನ್ನು ಮಾತ್ರ ಕಂಡವರುಂಟು. ಆಸ್ಪತ್ರೆಯ ಖರ್ಚಿಗೂ ಮಗಳ ಮದುವೆಗೂ ಸಾಲ ತಕ್ಕೊಂಡು, ವಾರದ ಕಂತಿನ ದಿನ ಬಾಗಲು ಮುಚ್ಚಿಕೊಳ್ಳುವ ಮನೆಗಳುಂಟು. 2025ನೆಯ ಇಸವಿಯ ಜನವರಿಯಲ್ಲಿ ಚಾಮರಾಜನಗರದ ಕಡೆಯ ಕೆಲವು ಕುಟುಂಬಗಳು ವಸೂಲಿಗಾರರ ಕಾಟಕ್ಕೆ ಹೆದರಿ ಊರನ್ನೇ ಬಿಟ್ಟುಹೋದ ಸುದ್ದಿಯನ್ನು ನಾವೆಲ್ಲರೂ ಕೇಳಿದೆವಷ್ಟೆ. ಆದಕಾರಣ ನೆಹೆಮೀಯನು ಏನು ಮಾಡಿದನೆಂಬದನ್ನು ಮೂರು ಭಾಗವಾಗಿ ಆಲೋಚಿಸೋಣ.

ಒಂದನೆಯದಾಗಿ, ನೆಹೆಮೀಯನು ಮೊರೆಯನ್ನು ಕೇಳಿ ಅದಕ್ಕೆ ಕಟ್ಟಳೆಯ ರೂಪವನ್ನು ಕೊಟ್ಟನು. ಅವನು ಕೋಪಗೊಂಡರೂ ಮೊದಲು ತನ್ನಲ್ಲಿ ಆಲೋಚಿಸಿದನು. ತರುವಾಯ ಸಾಲಕೊಟ್ಟವರನ್ನು ಮಹಾಸಭೆಯ ಮುಂದೆ ನಿಲ್ಲಿಸಿ, ಹೊಲಮನೆಗಳನ್ನೂ ತಕ್ಕೊಂಡ ಬಡ್ಡಿಯನ್ನೂ ಹಿಂದಕ್ಕೆ ಕೊಡುವಂತೆ ಯಾಜಕರ ಎದುರಿನಲ್ಲಿ ಪ್ರಮಾಣ ಮಾಡಿಸಿದನು. ಕಾನೂನಿನ ಮಾತು ಲೋಕದ ಮಾತು, ಭಕ್ತರಿಗೆ ಪ್ರಾರ್ಥನೆಯೇ ಸಾಕು ಎಂದು ನಮ್ಮಲ್ಲಿ ಕೆಲವರು ಹೇಳುವದುಂಟು. ಆದರೆ ಬಡವನ ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳಬಾರದೆಂದೂ ಅವನ ಹೊದಿಕೆಯನ್ನು ಸೂರ್ಯ ಮುಣುಗುವದರೊಳಗೆ ತಿರಿಗಿ ಕೊಡಬೇಕೆಂದೂ ಮೋಶೆಯ ಮೂಲಕ ಆಜ್ಞಾಪಿಸಿದವನು ದೇವರೇ ಅಲ್ಲವೋ? ನ್ಯಾಯವಾದ ಕಟ್ಟಳೆಯಿಂದ ಬರುವ ಪ್ರಯೋಜನವನ್ನು ಶಿಡ್ಲಘಟ್ಟದವರು ಬಲ್ಲರು. ಈ ರಾಜ್ಯದಲ್ಲಿ ರೇಷ್ಮೆಗೂಡಿನ ಮಾರಾಟವನ್ನು ಕ್ರಮಪಡಿಸುವದಕ್ಕೆ 1959ರ ಕಾಯಿದೆಯುಂಟು. ಸರಕಾರದ ಮಾರುಕಟ್ಟೆಯಲ್ಲಿ ಎಲ್ಲರ ಮುಂದೆ ತೂಕವೂ ಹರಾಜೂ ನಡೆಯುವದರಿಂದ, ಎರಡು ತಟ್ಟೆ ಗೂಡು ತಂದ ಬಡ ರೈತನೂ ದೊಡ್ಡವರ ಸಾಲಿನಲ್ಲಿಯೇ ನಿಂತು ಮಾರಬಹುದು.

ಎರಡನೆಯದಾಗಿ, ನಮ್ಮ ನಾಡಿನ ಕಾನೂನು ಸಾಲದ ವಿಷಯದಲ್ಲಿ ಏನು ಹೇಳುತ್ತದೆಂಬದನ್ನು ನಾವು ತಿಳಿದಿರಬೇಕು. ಲೇವಾದೇವಿ ನಡಿಸುವವನಿಗೆ ಪರವಾನಗಿ ಬೇಕೆಂದು 1961ರ ಕಾಯಿದೆಯೂ, ಅತಿಯಾದ ಬಡ್ಡಿ ತಕ್ಕೊಳ್ಳಕೂಡದೆಂದು 2004ರ ಕಾಯಿದೆಯೂ ಹೇಳುತ್ತವೆ. 1976ರ ಕಾಯಿದೆಯಿಂದ ಜೀತಪದ್ಧತಿಯು ದೇಶದಲ್ಲೆಲ್ಲಾ ರದ್ದಾಯಿತು. 2019ರಲ್ಲಿ ಜಾರಿಗೆ ಬಂದ ಋಣಪರಿಹಾರ ಕಾಯಿದೆಯು ಭೂಮಿಯಿಲ್ಲದ ಕೂಲಿಯವರಿಗೂ ಸಣ್ಣ ರೈತರಿಗೂ ಖಾಸಗಿ ಸಾಲದಿಂದ ಒಂದಾವರ್ತಿ ಬಿಡುಗಡೆ ಕೊಟ್ಟಿತು. ಆದರೆ ಅರ್ಜಿಗೆ ಇದ್ದದ್ದು 90 ದಿವಸ ಮಾತ್ರ. ಆ ಬಾಗಲು ಮುಚ್ಚಿಹೋಯಿತು.

2025ರ ಫೆಬ್ರವರಿ 12ರಲ್ಲಿ ಕಿರುಸಾಲ ಮತ್ತು ಸಣ್ಣ ಸಾಲಗಳ ಬಲವಂತದ ವಸೂಲಿಯನ್ನು ತಡೆಯುವ ಅಧ್ಯಾದೇಶವು ಹೊರಟು, ಮಾರ್ಚಿಯಲ್ಲಿ ವಿಧಾನಮಂಡಲದ ಒಪ್ಪಿಗೆಯನ್ನು ಪಡೆಯಿತು. ಸಾಲಕೊಡುವವರು ಜಿಲ್ಲಾಧಿಕಾರಿಗಳ ಬಳಿ ನೋಂದಾಯಿಸಿಕೊಳ್ಳಬೇಕು, ಒತ್ತೆ ಕೇಳಬಾರದು, ಬೆದರಿಸಬಾರದು. ಮೀರಿದವರಿಗೆ 10 ವರ್ಷದ ವರೆಗೆ ಸೆರೆ, 5 ಲಕ್ಷ ರೂಪಾಯಿಯ ವರೆಗೆ ದಂಡ. ಪೊಲೀಸರು ದೂರನ್ನು ತಕ್ಕೊಳ್ಳದೆ ಕಳುಹಿಸಕೂಡದು. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿಕೊಂಡ ಬ್ಯಾಂಕುಗಳಿಗೂ ಸಂಸ್ಥೆಗಳಿಗೂ ಈ ಕಾನೂನು ಅನ್ವಯಿಸದು. ಅವುಗಳಿಗೆ 2022ರ ಏಪ್ರಿಲಿನಿಂದ ಬೇರೆ ನಿಯಮವುಂಟು: ವರುಷಕ್ಕೆ 3 ಲಕ್ಷ ರೂಪಾಯಿಯ ವರೆಗೆ ವರಮಾನವಿರುವ ಕುಟುಂಬಕ್ಕೆ ಕಿರುಸಾಲ ಕೊಡುವಾಗ ಒತ್ತೆ ಕೇಳಬಾರದು; ಎಲ್ಲಾ ಸಾಲಗಳ ಕಂತು ಸೇರಿ ತಿಂಗಳ ವರಮಾನದ ಅರ್ಧವನ್ನು ಮೀರಬಾರದು; ಬೆಳಿಗ್ಗೆ 9 ಗಂಟೆಗೆ ಮುಂಚೆ, ಸಂಜೆ 6ರ ತರುವಾಯ ವಸೂಲಿಗೆ ಬರಬಾರದು. ಆದಕಾರಣ ಸಾಲಪತ್ರದಲ್ಲಿ ಯಾರ ಹೆಸರಿದೆ ಎಂಬದನ್ನು ಮೊದಲು ನೋಡಿರಿ. ಓದಲಾರದವರಿಗೆ ಸಭೆಯ ಯೌವನಸ್ಥರು ಓದಿಹೇಳಲಿ.

ಆದರೆ ಬೆದರಿಕೆಯನ್ನು ತಡೆದ ಮಾತ್ರಕ್ಕೆ ಸಾಲದ ಕಾರಣವು ತೀರದು. ಪಹಣಿಯಿದ್ದ ರೈತನಿಗೆ ಸಹಕಾರ ಸಂಘದಲ್ಲಿ ಬಡ್ಡಿಯಿಲ್ಲದ ಬೆಳೆಸಾಲ ಸಿಕ್ಕುತ್ತದೆ; ಪಹಣಿಯಿಲ್ಲದ ಕೂಲಿಯವಳು ಎಲ್ಲಿಗೆ ಹೋಗಬೇಕು? ತಿಂಗಳಿಗೆ ನೂರಕ್ಕೆ ಐದರಂತೆ 10,000 ರೂಪಾಯಿ ತಂದರೆ ವರುಷಕ್ಕೆ ಬಡ್ಡಿಯೇ 6,000 ಆಗುತ್ತದೆ, ಅಸಲು ಹಾಗೆಯೇ ನಿಲ್ಲುತ್ತದೆ. ಗೃಹಲಕ್ಷ್ಮಿ ಯೋಜನೆಯಿಂದ ತಿಂಗಳಿಗೆ 2,000 ರೂಪಾಯಿ ಬಂದರೂ ಅದು ಕಂತಿಗೇ ಹೋದರೆ ಒಲೆಯ ಮೇಲಣ ಗಡಿಗೆಗೆ ಏನು ಉಳಿಯುವದು? ನಮ್ಮ ಈ ನಾಲ್ಕು ಊರುಗಳ ಹೆಸರಿನಿಂದಲೂ ವಿಧಾನಸಭೆಗೆ ಒಂದೊಂದು ಕ್ಷೇತ್ರವುಂಟು. ಓಟು ಕೇಳಲು ಬರುವವರ ಕೂಡ ಚರಂಡಿ, ಸಮುದಾಯಭವನಗಳ ಮಾತನ್ನಾಡುವದಕ್ಕೆ ಮುಂಚೆ ಇವುಗಳನ್ನು ಕೇಳಿರಿ: ಕಾಯಿದೆಯಲ್ಲಿ ಬರೆದ ಕನಿಷ್ಠ ಕೂಲಿ ಹೊಲದಲ್ಲಿಯೂ ರೇಷ್ಮೆ ಬಿಚ್ಚುವ ಮನೆಯಲ್ಲಿಯೂ ಹೆಂಗಸಿನ ಕೈಗೆ ಬರಲಿ, ಭೂಮಿಯಿಲ್ಲದವರಿಗೂ ಸಹಕಾರ ಸಂಘದ ಬಾಗಲು ತೆರೆಯಲಿ, ರೋಗದ ಖರ್ಚು ಸಾಲಕ್ಕೆ ದೂಡದಿರಲಿ. ಇದು ಬೇಡುವ ಭಿಕ್ಷೆಯಲ್ಲ, ನ್ಯಾಯದ ಮಾತು.

ಮೂರನೆಯದಾಗಿ, ನೆಹೆಮೀಯನು ತನ್ನನ್ನೂ ಲೆಕ್ಕದಿಂದ ಬಿಡಲಿಲ್ಲ. ತಾನೂ ತನ್ನವರೂ ಹಣವನ್ನೂ ಕಾಳನ್ನೂ ಸಾಲಕೊಟ್ಟಿದ್ದೇವೆಂದು ಬಹಿರಂಗವಾಗಿ ಒಪ್ಪಿಕೊಂಡು, ತನ್ನನ್ನೂ ಸೇರಿಸಿಕೊಂಡೇ ಬಡ್ಡಿಯನ್ನು ಬಿಡೋಣವೆಂದನು. ಇಲ್ಲಿ ದೇವರ ವಾಕ್ಯವು ನಮ್ಮ ಸಭೆಗಳ ಒಳಕ್ಕೆ ಬರುತ್ತದೆ. ಗುಂಪಿನ ಸಾಲದಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕಾಗುವದರಿಂದ, ವಸೂಲಿಗಾರನು ತಾನು ಬಾರದೆ ಅವಳ ನೆರೆಯವರನ್ನೇ ಅವಳ ಬಾಗಲಲ್ಲಿ ಕೂತುಕೊಳ್ಳಿಸುವದುಂಟು. ಭಾನುವಾರ ಒಂದೇ ರೊಟ್ಟಿಯಲ್ಲಿ ಪಾಲುಗೊಂಡವರು ಸೋಮವಾರ ಒಬ್ಬ ಸಹೋದರಿಯನ್ನು ಬೀದಿಯಲ್ಲಿ ಅವಮಾನಪಡಿಸಬಹುದೋ? ನಮ್ಮೊಳಗೆ ಕೈಯಲ್ಲಿ ನಾಲ್ಕು ಕಾಸುಳ್ಳವರು, ನೆರೆಯವನ ಮನೆಪತ್ರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಕೀರ್ತನೆ ಹಾಡಬಹುದೋ? ಕಂತು ತಪ್ಪಿದವಳ ಮನೆಗೆ ಬೈಗಳೊಡನೆ ಹೋಗಬೇಡಿರಿ. ಒಂದು ಸೇರು ರಾಗಿಯೊಡನೆ ಹೋಗಿರಿ, ಅವಳ ಸಂಗಡ ತಾಲ್ಲೂಕು ಕಚೇರಿಗೂ ಠಾಣೆಗೂ ನಡೆಯಿರಿ. ನಾಚಿಕೆಯಿಂದ ಪ್ರಾಣವನ್ನೇ ಕಳಕೊಳ್ಳುವ ಆಲೋಚನೆ ಯಾರಿಗಾದರೂ ಬಂದರೆ, ಆ ರಾತ್ರಿ ಅವರನ್ನು ಒಂಟಿಯಾಗಿ ಬಿಡಬೇಡಿರಿ. ಸಾಲವು ತೀರಿಸತಕ್ಕದ್ದು, ಕರ್ತನು ಕ್ರಯಕೊಟ್ಟು ಕೊಂಡ ಪ್ರಾಣವೋ ಯಾವ ಸಾಲಕ್ಕೂ ಒತ್ತೆಯಲ್ಲ.

ನೆಹೆಮೀಯನ ಮಾತಿಗೆ ಸಭೆಯವರೆಲ್ಲರೂ ಆಮೆನ್ ಅಂದರು. ಹಾಗನ್ನುವದು ಸುಲಭವು. ಆದರೆ ಆ ವೇದಭಾಗವು ಅಲ್ಲಿಗೆ ಮುಗಿಯದೆ, ಅವರು ಕೊಟ್ಟ ಮಾತಿನಂತೆಯೇ ಮಾಡಿದರೆಂದು ತಿಳಿಸುತ್ತದೆ. ಬಡವರ ಮೊರೆಯನ್ನು ಕೇಳುವ ನಮ್ಮ ದೇವರು ನಾಡನ್ನಾಳುವವರಿಗೆ ನ್ಯಾಯದ ಮನಸ್ಸನ್ನೂ, ಸಾಲದ ಭಾರದಲ್ಲಿರುವವರಿಗೆ ಧೈರ್ಯವನ್ನೂ, ನಮ್ಮೆಲ್ಲರಿಗೂ ಹೇಳಿದಂತೆ ನಡೆಯುವ ಕೃಪೆಯನ್ನೂ ದಯಪಾಲಿಸಲಿ. ಆಮೆನ್.