ಹಿತವಚನದ ಮೇರೆ

ಊರಿನಿಂದ ಓದಲು ಬಂದ ಬಂಧುಗಳ ಮಕ್ಕಳಿಗೆ 'ಸ್ಥಳೀಯ ಪಾಲಕ'ರೆಂದು ಕಾಲೇಜಿನ ಅರ್ಜಿಯಲ್ಲಿ ಸಹಿ ಹಾಕಿದವರು ವಾಚಕರಲ್ಲಿ ಅನೇಕರಿದ್ದಾರೆ. ಆ ಸಹಿಯಿಂದ ಬರುವ ಅಧಿಕಾರವೆಷ್ಟು, ಹೊಣೆಯೆಷ್ಟು ಎಂಬುದು ವಿಚಾರಕ್ಕೆ ಬರುವುದು ತೊಡಕು ಉಂಟಾದ ಮೇಲೆಯೇ.

ಹುಬ್ಬಳ್ಳಿಯಲ್ಲಿರುವ ನಮ್ಮ ತಂಗಿಯ ಮಗ ಮುಂಬಯಿಯಲ್ಲಿ ಎಂಜಿನಿಯರಿಂಗ್ ಸೇರಿ ಹಾಸ್ಟೆಲಿನಲ್ಲಿದ್ದ. ತಿಂಗಳಿಗೆರಡು ಭಾನುವಾರ ಡೊಂಬಿವಲಿಯ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ಓದಿನ ವಿಷಯ ಕೇಳಿದರೆ "ಛಲೋ ನಡದದ ಮಾಮಾ" ಎನ್ನುತ್ತಿದ್ದ. ನಾವೂ ಅಷ್ಟಕ್ಕೇ ತೃಪ್ತರಾಗಿದ್ದೆವು. ಮೊದಲ ಸೆಮಿಸ್ಟರಿನ ಫಲಿತಾಂಶದ ಬಳಿಕ ಎರಡು ತಿಂಗಳು ಅವನ ಸುಳಿವಿಲ್ಲ. ಕೊನೆಗೊಮ್ಮೆ ಬಂದವನು ಅನ್ನ ಕಲಸುತ್ತಲೇ ಹೇಳಿದ: ಮೂರು ವಿಷಯಗಳಲ್ಲಿ ಅನುತ್ತೀರ್ಣ. "ಅಪ್ಪಗ ಹೇಳಬ್ಯಾಡ್ರಿ."

ಹುಡುಗ ಮಂದಮತಿಯಲ್ಲ. ಪ್ರವೇಶ ಪರೀಕ್ಷೆಯ ತರಬೇತಿಯಲ್ಲಿ ಎರಡು ವರ್ಷ ಯಾವ ದಿನ ಯಾವ ಪುಟ ಎಂಬುದನ್ನೂ ಇತರರೇ ಗೊತ್ತುಮಾಡಿದ್ದರು. ಕಾಲೇಜಿನಲ್ಲಿ ಅಧ್ಯಾಪಕರು ಪಾಠ ಮುಗಿಸಿ ಹೊರಟುಹೋಗುತ್ತಾರೆ. ಮುಂದಿನದನ್ನು ತಾನೇ ಹುಡುಕಬೇಕು. ಅರ್ಥವಾಗದ್ದನ್ನು ಕೇಳಲು ಸಂಕೋಚ, ಸಂಕೋಚದಿಂದ ಗೈರುಹಾಜರಿ, ಗೈರುಹಾಜರಿಯಿಂದ ಮತ್ತಷ್ಟು ಅರ್ಥವಾಗದಿರುವುದು. ಇದನ್ನು ತಿಳಿಯಲು ನಮಗೆ ಆರು ತಿಂಗಳು ಬೇಕಾಯಿತೆಂಬುದು ನಾಚಿಕೆಯ ಸಂಗತಿ.

ಈಗ ಧರ್ಮಸಂಕಟ. ಹೇಳಿದರೆ ಹುಡುಗ ಇನ್ನೆಂದೂ ನಮ್ಮೆದುರು ಬಾಯಿ ಬಿಡಲಾರ. ಮುಚ್ಚಿಟ್ಟರೆ, ನಮ್ಮನ್ನು ನಂಬಿ ಶುಲ್ಕ ಕಟ್ಟುತ್ತಿರುವ ತಂಗಿಗೆ ದ್ರೋಹ. ಗೀತೆಯ ಹದಿನೇಳನೆಯ ಅಧ್ಯಾಯವು ವಾಙ್ಮಯ ತಪಸ್ಸನ್ನು ನಿರೂಪಿಸುವಾಗ ಮಾತು ಸತ್ಯವಾಗಿದ್ದರೆ ಸಾಕೆನ್ನುವುದಿಲ್ಲ. ಉದ್ವೇಗಕರವಲ್ಲದ್ದೂ ಪ್ರಿಯವೂ ಹಿತವೂ ಆಗಿರಬೇಕೆನ್ನುತ್ತದೆ. ನಾಲ್ಕೂ ಒಂದೇ ಬಾಯಿಂದ ಹೊರಡುವುದು ಎಷ್ಟು ಕಷ್ಟವೆಂಬುದು ಆ ಭಾನುವಾರ ತಿಳಿಯಿತು. ಸತ್ಯವನ್ನು ಹೇಳಬೇಕಾದವನು ಅವನು, ನಾವಲ್ಲ ಎಂದು ಕೊನೆಗೆ ತೋರಿತು. "ಹದಿನೈದು ದಿನ ನಾವು ಮಾತಾಡುವುದಿಲ್ಲ. ಅಷ್ಟರಲ್ಲಿ ನೀನೇ ಹೇಳು. ಹೇಳದಿದ್ದರೆ ನಾವು ಹೇಳುವೆವು, ಅದನ್ನು ಈಗಲೇ ತಿಳಿಸಿರುತ್ತೇವೆ" ಎಂದೆವು. ಹದಿಮೂರನೆಯ ದಿನ ನಮ್ಮ ಮನೆಯಿಂದಲೇ ಫೋನು ಮಾಡಿದ. ಭಾವನವರು ಬಹಳ ಹೊತ್ತು ಸುಮ್ಮನಿದ್ದು, "ಊಟಾ ಮಾಡೀಯೇನು?" ಎಂದಷ್ಟೇ ಕೇಳಿದರಂತೆ.

ಎ.ಟಿ.ಕೆ.ಟಿ. ನಿಯಮದಿಂದ ವರ್ಷ ಉಳಿಯಿತು. ವಾರಕ್ಕೊಂದು ಪ್ರಶ್ನೆಯನ್ನು ಬರೆದುಕೊಂಡು ಅಧ್ಯಾಪಕರ ಕೊಠಡಿಗೆ ಹೋಗುವ ಅಭ್ಯಾಸ ಹಿಡಿದ ಮೇಲೆ ಎರಡು ವಿಷಯಗಳು ತೇರ್ಗಡೆಯಾದವು. ಮಾವನ ಮುಂದೆಯೂ ಬಾಯಿ ಬಿಡಲಾಗದ ಮಕ್ಕಳಿರುತ್ತಾರೆ. ಅವರಿಗಾಗಿ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಯನ್ನು ಮನೆಯಲ್ಲಿ ಬರೆದಿಡುವುದು ಒಳ್ಳೆಯದು.

ಇಷ್ಟಕ್ಕೇ ಮುಗಿಯಲಿಲ್ಲ. ಈಗ ಅವನು ಎಂಜಿನಿಯರಿಂಗ್ ಬಿಟ್ಟು ಸಂಖ್ಯಾಶಾಸ್ತ್ರ ಓದುವೆನೆನ್ನುತ್ತಾನೆ. ನಮಗಿದು ಸಮ್ಮತವಲ್ಲ, ಒಮ್ಮೆ ಸ್ಪಷ್ಟವಾಗಿ ಹೇಳಿದ್ದೇವೆ. ಆದರೆ ಸಂಸ್ಕೃತ ಎಂ.ಎ. ಮಾಡಬೇಕೆಂದಿದ್ದ ನಮ್ಮನ್ನು ತಂದೆಯವರು ರೈಲ್ವೆ ಪರೀಕ್ಷೆಗೆ ಕೂಡಿಸಿದ್ದರು. ಅನ್ನ ದೊರೆಯಿತು, ಶಾಸ್ತ್ರವನ್ನು ರಾತ್ರಿಗಳಲ್ಲಿ ಓದಿದೆವು. ಈ ಅನುಭವ ಯಾವ ಪಕ್ಷಕ್ಕೆ ಸಾಕ್ಷಿಯೆಂದು ಇಂದಿಗೂ ನಿರ್ಣಯಿಸಲಾರೆವು.

ಕರ್ಜತ್‌ನಿಂದ ಲೋಣಾವಳಕ್ಕೆ 37 ಅಡಿಗೆ ಒಂದಡಿಯಂತೆ ಘಾಟಿ ಏರುತ್ತದೆ. ಅಲ್ಲಿ ಹೆಚ್ಚಿನ ಗಾಡಿಗಳನ್ನು ಹಿಂದಿನಿಂದ ಬ್ಯಾಂಕರ್ ಎಂಜಿನ್‌ಗಳು ತಳ್ಳುತ್ತವೆ. ಅವು ಎಷ್ಟೇ ಬಲ ಕೊಟ್ಟರೂ ಮುಂದಿನ ಸಿಗ್ನಲ್ ಕಾಣುವುದು ಮುಂಭಾಗದ ಚಾಲಕನಿಗೆ ಮಾತ್ರ. ಲೋಣಾವಳ ಬಂದೊಡನೆ ಅವನ್ನು ಬಿಚ್ಚುತ್ತಾರೆ. ಅಷ್ಟೇಕೆ, ಹದಿನೆಂಟು ಅಧ್ಯಾಯ ಉಪದೇಶಿಸಿದ ಭಗವಂತನೂ ಕೊನೆಗೆ ಎಲ್ಲವನ್ನೂ ವಿಮರ್ಶಿಸಿ ಇಷ್ಟಬಂದಂತೆ ಮಾಡೆಂದು ಅರ್ಜುನನಿಗೇ ಬಿಟ್ಟನಲ್ಲವೆ?

ಜೂನಿನೊಳಗೆ ಹುಡುಗ ನಿರ್ಧರಿಸಬೇಕು. ತಂಗಿ ದಿನವೂ ಸಂಜೆ ಫೋನು ಮಾಡಿ "ನೀನರೆ ಇನ್ನೊಂದು ಸಲ ಹೇಳೋ ಅಣ್ಣಾ" ಎನ್ನುತ್ತಾಳೆ. ಎರಡನೆಯ ಸಲ ನಾವಿನ್ನೂ ಹೇಳಿಲ್ಲ.